ಕೋಡಿನ ಬಣ್ಣ

ಗಾಡಿಯ ಟ್ರಾನ್ಸ್‌ಫರ್ ಕೇಸಿನ ಪೆಟ್ಟಿಗೆ ಐವತ್ತೆರಡು ಸಾವಿರ. ಅದೂ ಹೊಸದಲ್ಲ, ಹುಬ್ಬಳ್ಳಿಯ ಗುಜರಿಯಲ್ಲಿ ಯಾವುದೋ ಸತ್ತ ಗಾಡಿಯಿಂದ ಕಿತ್ತದ್ದು. ಬೇರಿಂಗು, ಸೀಲು, ಸಣ್ಣಪುಟ್ಟ ಸಾಮಾನು ಒಂಬತ್ತೂವರೆ ಸಾವಿರ. ಎಣ್ಣೆ ಮೂರೂವರೆ. ಬಿಚ್ಚಿ ಜೋಡಿಸುವ ಕೂಲಿ ಹದಿಮೂರು. ಗದಗಿನ ಬೆಟಗೇರಿಯ ಗ್ಯಾರೇಜಿನ ಅಂಬರೀಶ ಇಷ್ಟನ್ನೂ ಫಿಲ್ಟರಿನ ಖಾಲಿ ಡಬ್ಬಿಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಎಪ್ಪತ್ತೆಂಟು ಸಾವಿರ ಎಂದು ಮುಗಿಸಿದ. ಗಾಡಿಯ ಕೆಳಗೆ ಹೊಕ್ಕು ನೋಡಿದ್ದಕ್ಕೆ ಸಾವಿರದೈನೂರು ಬೇರೆ. ಅದನ್ನು ಮೊದಲೇ ತೆಗೆದುಕೊಂಡಿದ್ದ.

ಹನಮಂತವ್ವ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದಳು. ಈ ಪಿಕಪ್ಪನ್ನು ಅವಳು ಕೊಂಡದ್ದೇ ಎರಡು ಲಕ್ಷ ನಲವತ್ತು ಸಾವಿರಕ್ಕೆ. ಒಂಬತ್ತು ವರ್ಷದ ಹಿಂದಿನ ಮಾತು. ಆಗಲೇ ಅದು ಎಂಟು ವರ್ಷ ದುಡಿದ ಗಾಡಿ. ಮನೆಯ ಜೋಡಿ ಎತ್ತು ಮಾರಿ ಬಂದ ದುಡ್ಡು ಅದರಲ್ಲಿ ಅರ್ಧದಷ್ಟಿತ್ತು.

"ಇಷ್ಟ್ ಖರ್ಚ್ ಮಾಡೂದು ಯಾಕ್ರಿ ಅಕ್ಕಾರ?" ಎಂದ ಅಂಬರೀಶ. "ಹಿಂಗ ಇದ್ದಂಗ ನನಗ ಬಿಟ್ಟ ಹೋಗ್ರಿ. ಒಂದು ಲಕ್ಷ ಇಪ್ಪತ್ತು ಸಾವಿರ ಕೈಯಾಗ ಇಡ್ತೀನಿ. ಬಸ್‌ಸ್ಟ್ಯಾಂಡಿಗೂ ನಾನ ಬಿಟ್ಟ ಬರ್ತೀನಿ."

"ಕೆಟ್ಟ ಗಾಡಿ ಅಂತಿ. ಮತ್ತ ಒಂದ್ ಲಕ್ಷ ಇಪ್ಪತ್ ಸಾವಿರ ಯಾಕ್ ಕೊಡ್ತಿ?"

"ನಿಮ್ಮ ಮ್ಯಾಲಿನ ಮರ್ಯಾದಿಗ್ರಿ."

"ನನ್ನ ಮರ್ಯಾದಿ ಅಷ್ಟ ತುಟ್ಟಿ ಐತಂತ ನನಗ ಗೊತ್ತಿರಲಿಲ್ಲ."

ಗ್ಯಾರೇಜಿನ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ ನಾಲ್ಕೈದು ಗಿರಾಕಿಗಳು ನಕ್ಕರು. ಆ ನಗುವಿನಿಂದ ಹನಮಂತವ್ವನಿಗೆ ಹುರುಪು ಬಂತು. ಆಡಬಾರದ್ದನ್ನೂ ಆಡಿದಳು.

"ಜನವರಿ ತಿಂಗಳದಾಗ ಈ ಗಾಡಿ ಬಿಚ್ಚಿದಂವ ನೀನ. ಗಾಲಿ ಬೇರಿಂಗಿಗೆ ಗ್ರೀಸ್ ಹಾಕಾಕ ಕೊಟ್ಟಿದ್ನಿ. ಅಲ್ಲೀತನಕ ಮುಂದಿನ ಗಾಲಿ ಎತ್ತಿನಂಗ ಎಳೀತಿದ್ವು. ನೀನ ಒಳಗಿಂದ ಏನೋ ತಗದಿ. ಇಲ್ಲಾ, ಹಾಕೂದನ್ನ ಹಾಕಿಲ್ಲ. ಈಗ ಅದನ್ನ ನನಗ ಮಾರಾಕತ್ತಿ."

ಚಹಾದ ಕಪ್ಪುಗಳು ನಿಂತಲ್ಲೇ ನಿಂತವು. ಅಂಬರೀಶನ ಮುಖ ಕಪ್ಪಿಟ್ಟಿತು. "ಅಕ್ಕಾರ, ಇಪ್ಪತ್ತು ವರ್ಷಾತು ನಾ ಇಲ್ಲಿ ಕುಂತು. ಯಾರೂ ನನಗ ಕಳ್ಳ ಅಂದಿಲ್ಲ" ಎಂದ.

"ಹಂಗಾದ್ರ ನಾನ ಮೊದಲನೇದಾಕಿ" ಎಂದು ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಗಾಡಿ ಹತ್ತಿ, ಹಿಂದಕ್ಕೆ ನೋಡದೆ ಮುಂಡರಗಿ ರಸ್ತೆ ಹಿಡಿದಳು.

ಒಣ ರಸ್ತೆಯ ಮೇಲೆ ಗಾಡಿಗೆ ಯಾವ ರೋಗವೂ ಇರಲಿಲ್ಲ. ಹಿಂದಿನ ಎರಡು ಗಾಲಿ ಎಳೆಯುತ್ತಿದ್ದವು, ಮುಂದಿನವು ಸುಮ್ಮನೆ ಉರುಳುತ್ತಿದ್ದವು, ಇರಬೇಕಾದದ್ದೇ ಹಾಗೆ. ಕೆಸರು ಬಂದಾಗ ಮಾತ್ರ ಬೇರೆ ಕೆಲಸ. ಆಗ ಕೆಳಗಿಳಿದು, ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಉಬ್ಬಿರುವ ಗುಂಬದ ಮೇಲಿನ ಹಬ್ ಲಾಕ್ ಎಂಬ ತಿರುಗಣಿಯನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಆಮೇಲೆ ಒಳಗೆ ಬಂದು, ಗೇರಿನ ಪಕ್ಕದ ಗಿಡ್ಡ ಕೋಲನ್ನು ಎಳೆಯಬೇಕು. ಆಗ ನಾಲ್ಕೂ ಗಾಲಿ ಕೂಡಿ ಎಳೆಯುತ್ತವೆ. ಎಳೆಯುತ್ತಿದ್ದವು. ಹೋದ ಗುರುವಾರದವರೆಗೆ.

ಗುರುವಾರ ಕಪ್ಪತಗುಡ್ಡದ ಮೂರನೆಯ ತಿರುವಿನಲ್ಲಿ, ಮಳೆ ಹಿಡಿದ ಕೆಂಪು ಮಣ್ಣಿನ ಏರಿನಲ್ಲಿ, ನೀರಿನ ಕ್ಯಾನು ಹೇರಿಕೊಂಡ ಗಾಡಿ ನಿಂತುಬಿಟ್ಟಿತು. ಕೋಲು ಎಳೆದದ್ದಾಗಿತ್ತು, ತಿರುಗಣಿ ತಿರುಗಿಸಿದ್ದಾಗಿತ್ತು. ಹಿಂದಿನ ಗಾಲಿಗಳು ಮಣ್ಣು ತೋಡಿ ತೋಡಿ ಹೂತವು. ಮುಂದಿನವು ಕದಲಲಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಹನ್ನೊಂದು ಜನ ಆ ದಿನ ಸಂಜೆಯವರೆಗೆ ಮಳೆನೀರು ಸೋಸಿ ಕುಡಿದರು. ಟ್ರ್ಯಾಕ್ಟರು ಬಂದು ಗಾಡಿಯನ್ನು ಹಿಂದುಮುಂದಾಗಿ ಎಳೆದುಕೊಂಡು ಇಳಿಯಿತು.

ಅವರಿಗೆ ನೀರು, ರೇಷನ್ನು ಮುಟ್ಟಿಸುವ ಕೆಲಸ ಹನಮಂತವ್ವನದು. ವಾರಕ್ಕೆ ಆರು ಖೇಪು, ಖೇಪಿಗೆ ಸಾವಿರದ ಎಂಟುನೂರು. ಯಂತ್ರಗಳ ಉಸ್ತುವಾರಿ ಅಧಿಕಾರಿ ಮಾರ್ತಾಂಡ ಕೆಟ್ಟ ಮನುಷ್ಯನಲ್ಲ. ಮರುದಿನ ಫೋನು ಮಾಡಿ ಮೆತ್ತಗೇ ಹೇಳಿದ್ದ: "ನೋಡ್ರಿ ಹನಮಂತವ್ವ, ಸೋಮವಾರ ಹತ್ತು ಗಂಟೆಗೆ ಎಂಟನೂರು ಲೀಟರ್ ಹೇರಿಕೊಂಡು ಮೇಲೆ ಬರಬೇಕು. ನಾನ ನಿಮ್ಮ ಪಕ್ಕದಾಗ ಕೂತು ನೋಡ್ತೇನಿ. ಆಗಲಿಲ್ಲಂದ್ರ ಶಿರಹಟ್ಟಿಯ ಸೋಮೇಶ ಹೊಸ ಗಾಡಿ ತಗೊಂಡಾನ. ಕೆಲಸ ಪೂರ್ತಿ ಅವನಿಗೆ ಕೊಡಬೇಕಾಗ್ತದ."

ಇವತ್ತು ಶನಿವಾರ. ನಡುವೆ ಇರುವುದು ಒಂದು ಭಾನುವಾರ.

ಹಿರೇವಡ್ಡಟ್ಟಿಯ ಮನೆಗೆ ಬಂದಾಗ ಗಂಡ ಹೊಳೆಯಪ್ಪ ಕಟ್ಟೆಯ ಮೇಲೆ ಕೂತು ಉಳ್ಳಾಗಡ್ಡಿ ಬೀಜ ಆರಿಸುತ್ತಿದ್ದ. ಡಬ್ಬಿಯ ಮೇಲಿನ ಲೆಕ್ಕ ಓದಿ, ಕನ್ನಡಕ ತೆಗೆದು, "ಮಾರಿಬಿಡು" ಎಂದ.

"ಮಾರಿ ಏನ್ ತರೂನು?"

"ಏನರ ತಂದ್ರಾತು."

"ಖುರ್ಚಿ ತರೂನೇನು? ನೀ ಒಂದ್ರಾಗ ನಾ ಒಂದ್ರಾಗ ಕುಂತು ಗುಡ್ಡಾ ನೋಡೂನೇನು?"

ಹೊಳೆಯಪ್ಪ ಮತ್ತೆ ಬೀಜದ ಮೇಲೆ ಬಗ್ಗಿದ. ಎತ್ತು ಮಾರಿದ ದಿನ ಊಟ ಬಿಟ್ಟವನು ಅವನು. ಅದಕ್ಕೇ ಮರುವರ್ಷದ ಕಾರ ಹುಣ್ಣಿಮೆಯಂದು, ಊರೆಲ್ಲ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವಾಗ, ಹನಮಂತವ್ವ ಎತ್ತು ಕಟ್ಟುತ್ತಿದ್ದ ಖಾಲಿ ದಂದಕ್ಕಿಯ ಮುಂದೆ ಗಾಡಿ ನಿಲ್ಲಿಸಿ, ಅದರ ಮೈ ತೊಳೆದು, ಮುಂದಿನ ಎರಡೂ ಗಾಲಿಗಳ ಗುಂಬಕ್ಕೆ ಕೆಂಪು ಬಣ್ಣ ಬಳಿದು, ಗೊಂಡೆ ಕಟ್ಟಿ, ಹೋಳಿಗೆ ತೋರಿಸಿದ್ದಳು. ಜನ ನಕ್ಕಿದ್ದರು. ಹೊಳೆಯಪ್ಪನೂ ನಕ್ಕು, ಆ ದಿನ ಎರಡು ಹೋಳಿಗೆ ಹೆಚ್ಚು ತಿಂದಿದ್ದ. ಅಂದಿನಿಂದ ವರ್ಷವೂ ತಪ್ಪಿಸಿರಲಿಲ್ಲ. ಎತ್ತಿಗೆ ಹಚ್ಚುವ ಹುರಮಂಜು ಕಬ್ಬಿಣದ ಮೇಲೆ ನಿಲ್ಲುವುದಿಲ್ಲವೆಂದು ಎಣ್ಣೆಬಣ್ಣವನ್ನೇ ತರಿಸುತ್ತಿದ್ದಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಅವಳ ಗಾಡಿ ಮುಂಡರಗಿಯ ರಸ್ತೆ ಬದಿಯ ಹಾಜಿರಾಬಿಯ ಪಂಕ್ಚರ್ ಅಂಗಡಿಯ ಮುಂದೆ ನಿಂತಿತ್ತು. ಗಂಡನ ಬೆನ್ನು ಬಿದ್ದುಹೋದ ಮೇಲೆ ಇಪ್ಪತ್ತು ವರ್ಷದಿಂದ ಅಲ್ಲಿ ಟೈರು ಬಿಚ್ಚುವವಳು ಹಾಜಿರಾಬಿಯೇ. ಲಾರಿ ಟೈರನ್ನು ಒಂದೇ ಕಾಲಿನಿಂದ ಒದ್ದು ನಿಲ್ಲಿಸುವಂಥ ಹೆಣ್ಣುಮಗಳು.

"ಏನವ್ವಾ, ನಿನ್ನ ಎತ್ತು ಕುಂಟಾಕತ್ತೈತಂತ?" ಎಂದಳು. "ಖಬರ ಗದಗಿನಿಂದ ನಿನ್ನಕಿಂತ ಮೊದಲ ಬಂತು. ಅಂಬರೀಶಗ ಕಳ್ಳ ಅಂದಿಯಂತಲ್ಲ."

"ಅಂದೆ. ಅದು ಇರ್ಲಿ. ನಿನ್ನ ದೊಡ್ಡ ಜಾಕ್ ಕೊಡು. ಇವತ್ತ ದಿನಾ ಪೂರ್ತಿ ಬೇಕು."

"ಜಾಕ್ ಕೊಡ್ತೀನಿ. ಆದ್ರ ನೀ ಮೇಸ್ತ್ರಿ ಯಾವಾಗ ಆದಿ?"

"ಹೊಲಕ್ಕ ಪೈಪ್ ಹಾಕೀನಿಲ್ಲ? ಬಾವ್ಯಾಗ ಮೋಟಾರ್ ಓಡತೈತಿ, ಸಾಲಿಗೆ ನೀರ ಬರಂಗಿಲ್ಲ. ಆವಾಗ ಏನ್ ಮಾಡ್ತೀವಿ? ಮೋಟಾರ ಸುಟ್ಟೈತಂತ ಹೊಸಾದ ತರ್ತೀವೇನು? ಪೈಪಿನ ಗುಂಟ ನಡಕೋಂತ ಹೋಗ್ತೀವಿ. ಎಲ್ಲಿತನಕ ಹಸಿ ಐತಿ, ಎಲ್ಲಿಂದ ಒಣಾ ಐತಿ, ಅಲ್ಲಿ ಅಗಿತೀವಿ. ಇದೂ ಹಂಗ. ಎಂಜಿನ್‌ನಿಂದ ಗಾಲಿತನಕ ಜೋರು ಬರಬೇಕು. ಎಲ್ಲಿ ನಿಂತೈತಿ ನೋಡೂನು."

ಹಾಜಿರಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಂಗಡಿಯ ಬೋಣಿಗೆ ಆಗಿರಲಿಲ್ಲ, ಆದರೆ ಇಂಥ ತಮಾಷೆ ದಿನಾ ಬರುವುದಿಲ್ಲ.

ಮೊದಲು ಟ್ರಾನ್ಸ್‌ಫರ್ ಕೇಸು. ಅಂಬರೀಶನ ಐವತ್ತೆರಡು ಸಾವಿರ ನಿಂತಿದ್ದು ಅದರ ಮೇಲೆ. ಎಂಜಿನ್ನಿನ ಜೋರನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ ಅದು. ಅಲ್ಲಿಂದ ಮುಂದಿನ ಗಾಲಿಗಳ ಕಡೆಗೆ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ಹೋಗುತ್ತದೆ. ಹನಮಂತವ್ವ ಗಾಡಿಯ ಕೆಳಗೆ ಹೊಕ್ಕು, ಹಾಜಿರಾಬಿ ಟೈರಿನ ತೂತಿಗೆ ಗುರುತು ಹಾಕುವ ಸೀಮೆಸುಣ್ಣದಿಂದ ಆ ಶಾಫ್ಟಿನ ಮೇಲೆ ದಪ್ಪ ಗೆರೆ ಎಳೆದಳು. ಮುಂದಿನ ಎರಡೂ ತಿರುಗಣಿಗಳನ್ನು ಬಿಚ್ಚಿದ ಕಡೆಗೆ ತಿರುಗಿಸಿದಳು.

"ಯಾಕ ಬಿಚ್ಚೀದಿ? ಲಾಕ್ ಮಾಡಬೇಕಲ್ಲ?"

"ಲಾಕ್ ಮಾಡಿದ್ರ ಉರುಳೂ ಗಾಲೀನ ಶಾಫ್ಟ್ ತಿರುವಿಬಿಡತೈತಿ. ಆವಾಗ ತಿರುಗಿಸಿದ್ದು ಗಾಲ್ಯೋ ಪೆಟಿಗ್ಯೋ ಗೊತ್ತಾಗಂಗಿಲ್ಲ. ಈಗ ಗಾಲಿಗೂ ಶಾಫ್ಟಿಗೂ ಸಂಬಂಧಿಲ್ಲ. ತಿರುಗಿತಂದ್ರ ಪೆಟಿಗೀನ ತಿರುಗಿಸಬೇಕು."

"ಅವ್ವಾ! ಇದು ಯಾವ ಶಾಲ್ಯಾಗ ಕಲ್ತಿ?"

"ಎರಿ ಹೊಲದಾಗ ಹೂತ ಶಾಲ್ಯಾಗ. ನೀ ಬಗ್ಗಿ ಗೆರಿ ನೋಡು, ಸಾಕು."

ಹನಮಂತವ್ವ ಗಾಡಿ ಹತ್ತಿ, ಗಿಡ್ಡ ಕೋಲು ಎಳೆದು, ಮೊದಲನೆಯ ಗೇರಿನಲ್ಲಿ ಆಮೆಯ ಹಾಗೆ ಹತ್ತು ಮೊಳ ಬಿಟ್ಟಳು. ಹಾಜಿರಾಬಿ ರಸ್ತೆ ಬದಿಯಲ್ಲಿ ಮೊಣಕಾಲೂರಿ, ತಲೆಯನ್ನು ಬಹುಪಾಲು ನೆಲಕ್ಕೆ ಹಚ್ಚಿ ನೋಡಿದಳು. ದಾರಿಯಲ್ಲಿ ಹೋಗುವ ಬಸ್ಸಿನವರು ಏನು ಕಳೆದಿದೆಯೋ ಎಂದು ಇಣುಕಿದರು.

"ತಿರಗತೈತಿ! ಗೆರಿ ಮ್ಯಾಲ ಬಂತು, ಕೆಳಗ ಹೋತು. ಮತ್ತ ಬಂತು!"

"ಬಿಟ್ಟ ಬಿಟ್ಟ ಬರತೈತೇನು?"

"ಇಲ್ಲ. ರಾಟಿ ತಿರುಗಿದಂಗ ಸಮಾ ತಿರಗತೈತಿ."

ಹನಮಂತವ್ವ ಗಾಡಿ ನಿಲ್ಲಿಸಿ, ಚೀಲದಿಂದ ಡಬ್ಬಿ ತೆಗೆದು, ಹಾಜಿರಾಬಿಯ ಸೀಮೆಸುಣ್ಣದಿಂದಲೇ ಮೊದಲ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. "ಐವತ್ತೆರಡು ಸಾವಿರ ಹೋತು" ಎಂದಳು. ಒಂದು ಕ್ಷಣ ಬಿಟ್ಟು, "ಪೆಟಿಗಿ ಬಿಚ್ಚೂದಿಲ್ಲಂದ್ರ ಬೇರಿಂಗು, ಎಣ್ಣಿ, ಕೂಲಿ ಯಾತಕ್ಕ?" ಎಂದು ಉಳಿದ ಮೂರನ್ನೂ ಹೊಡೆದಳು.

"ಹಂಗಾದ್ರ ಅಂವ ಖರೇನ ಕಳ್ಳ" ಎಂದಳು ಹಾಜಿರಾಬಿ.

"ಅದನ್ನ ಆಮ್ಯಾಲ ಹೇಳೂನು. ಇನ್ನೂ ಒಣಾ ಜಾಗಾ ಸಿಕ್ಕಿಲ್ಲ."

ಎರಡನೆಯ ಪರೀಕ್ಷೆಗೆ ಜಾಕು ಬೇಕಾಯಿತು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚನ್ನು ಎತ್ತಿ, ಕೆಳಗೆ ರೈಲ್ವೆ ಸ್ಲೀಪರಿನ ತುಂಡುಗಳನ್ನಿಟ್ಟರು. ಎರಡೂ ಗಾಲಿ ಗಾಳಿಯಲ್ಲಿ ನಿಂತವು. ಗಾಡಿ ಗೇರಿನಲ್ಲಿತ್ತು, ಕೋಲು ಎಳೆದಿತ್ತು, ತಿರುಗಣಿಗಳನ್ನು ಈಗ ಲಾಕ್ ಮಾಡಿದರು. ಬಣ್ಣ ಹತ್ತಿ ಬಿಗಿಯಾಗಿದ್ದರೂ ಎರಡೂ ತಿರುಗಿ ಟಕ್ಕೆಂದು ನಿಂತವು.

"ಎರಡೂ ಕೂಡ್ಯಾವಂದ್ರ ಒಂದು ಗಾಲಿ ಮುಂದಕ್ಕ ತಿರುವಿದ್ರ ಇನ್ನೊಂದು ಹಿಂದಕ್ಕ ತಿರುಗಬೇಕು" ಎಂದಳು ಹನಮಂತವ್ವ. "ನೀ ಎಡಕ್ಕ ಕುಂಡ್ರು. ನಾ ಬಲಕ್ಕ ನೋಡ್ತೀನಿ. ತಿರುವು."

ಹಾಜಿರಾಬಿ ಎಡಗಾಲಿಯನ್ನು ಎರಡೂ ಕೈಯಿಂದ ತಿರುಗಿಸಿದಳು. ಹಿಟ್ಟಿನ ಬೀಸುಕಲ್ಲಿನ ಹಾಗೆ ಭಾರವಾಗಿ ತಿರುಗಿತು. ಬಲಗಾಲಿ ಅಲ್ಲಾಡಲಿಲ್ಲ. ಹನಮಂತವ್ವ ಬಲಗಾಲಿಗೆ ಒಂದು ಏಟು ಹಾಕಿದಳು. ಅದು ಬುಗುರಿಯಂತೆ ತನ್ನಷ್ಟಕ್ಕೆ ಗಿರಗಿರನೆ ತಿರುಗಿತು. ಯಾವ ಸಂಬಂಧಕ್ಕೂ ಒಳಪಡದ ಗಾಲಿ!

"ಬಲಗಡೆದು ಕೂಡಿಲ್ಲ."

"ಒಂದ ಅಲ್ಲ ಕೆಟ್ಟಿದ್ದು? ಎಡಗಡೆದು ಎಳೀಬೇಕಿತ್ತಲ್ಲ ಗುಡ್ಡದಾಗ?"

"ಎಳೆಂಗಿಲ್ಲ. ಎರಡೂ ಗಾಲಿ ನಡುವ ಗುಂಡು ಐತಲ್ಲ, ಡಿಫರೆನ್ಶಿಯಲ್ ಅಂತಾರ, ಅದರ ಗುಣಾ ಹಂಗ. ಯಾವ ಕಡೆ ಹಗುರ ಐತೋ ಜೋರೆಲ್ಲಾ ಆ ಕಡೆ ಹೋಗತೈತಿ. ಪೈಪಿನ ಒಂದ್ ತುದಿ ಬಾಯಿ ತಗದಿದ್ರ ಇನ್ನೊಂದ್ ತುದಿಗೆ ನೀರ ಏರತೈತೇನು? ಬಲಗಡೆ ಶಾಫ್ಟು ಒಳಗ ಸುಳ್ಳ ತಿರಗತೈತಿ, ಎಡಗಾಲಿ ಅದನ್ನ ನೋಡಿಕೋಂತ ಕುಂದರತೈತಿ."

"ನಮ್ಮ ಮನ್ಯಾಗಿನ ಅಣ್ಣತಮ್ಮರಂಗ" ಎಂದು ಹಾಜಿರಾಬಿ ನಕ್ಕಳು.

ಹಾಗಾದರೆ ಅಗೆಯಬೇಕಾದ ಜಾಗ ಸಿಕ್ಕಿತು: ಬಲಗಾಲಿಯ ಗುಂಬ. ಹನಮಂತವ್ವನ ಎದೆಯಲ್ಲಿ ಒಂದು ಸಿಟ್ಟಿನ ಸಂತೋಷ ಎದ್ದಿತು. ಜನವರಿಯಲ್ಲಿ ಅಂಬರೀಶ ಬಿಚ್ಚಿದ್ದು ಇದನ್ನೇ. ಒಳಗಿನ ಬಳೆಯನ್ನೋ ಸ್ಪ್ರಿಂಗನ್ನೋ ಕದ್ದಿರಬೇಕು. ಖಾಲಿ ಗುಂಬವನ್ನು ಅವನ ಗ್ಯಾರೇಜಿನ ಬಾಗಿಲಲ್ಲಿ, ಅದೇ ಚಹಾ ಕುಡಿಯುವವರ ಮುಂದೆ, ಹೇಗೆ ಎತ್ತಿ ತೋರಿಸಬೇಕೆಂಬುದನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಳು.

ಆರು ಬೋಲ್ಟು. ಬಣ್ಣ ಕುಡಿದು ಆರೂ ಬಿಗಿದಿದ್ದವು. ಐದು ಬಂದವು, ಆರನೆಯದು ತಲೆ ಮುರಿದುಕೊಂಡಿತು. ಮುಚ್ಚಳಕ್ಕೆ ಮರದ ಸುತ್ತಿಗೆಯಿಂದ ನಾಲ್ಕು ತಟ್ಟು ಕೊಟ್ಟಾಗ ಅದು ಎದ್ದು ಕೈಗೆ ಬಂತು. ಅದರೊಂದಿಗೆ ಒಂದು ವಾಸನೆಯೂ ಬಂತು. ಟರ್ಪೆಂಟೈನಿನ ವಾಸನೆ.

ಒಳಗೆ ಏನೂ ಕಳುವಾಗಿರಲಿಲ್ಲ. ಸ್ಪ್ರಿಂಗು ಇತ್ತು. ತಿರುಗಣಿ ತಿರುಗಿಸಿದಾಗ ಮುಂದಕ್ಕೆ ಜಿಗಿದು ಶಾಫ್ಟನ್ನೂ ಗಾಲಿಯನ್ನೂ ಕೂಡಿಸಬೇಕಾದ ಹಲ್ಲಿನ ಬಳೆ ಇತ್ತು. ಆದರೆ ಬಳೆ ತನ್ನ ಗೂಡಿನಲ್ಲಿ ಅಂಟಿಕೊಂಡು ಕೂತಿತ್ತು. ಅದರ ಸುತ್ತ ಗ್ರೀಸು ಗ್ರೀಸಾಗಿ ಉಳಿದಿರಲಿಲ್ಲ, ಆರಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಮತ್ತು ಅದು ಕೆಂಪಗಿತ್ತು. ಕುಂಕುಮದಷ್ಟು ಕೆಂಪು.

ಹಾಜಿರಾಬಿ ಬೆರಳಿನಿಂದ ಒಳಗಿನ ಕೆಂಪನ್ನು ಕೆರೆದಳು, ಹೊರಗಿನ ಗುಂಬದ ಕೆಂಪನ್ನು ನೋಡಿದಳು, ಆಮೇಲೆ ಹನಮಂತವ್ವನ ಮುಖ ನೋಡಿದಳು.

"ನಿನ್ನ ಎತ್ತಿನ ಕೋಡು" ಎಂದಳು.

ಹನಮಂತವ್ವನಿಗೆ ಐದು ವಾರದ ಹಿಂದಿನ ಕಾರ ಹುಣ್ಣಿಮೆ ಕಣ್ಣೆದುರು ಬಂತು. ಈ ಸಲ ಬಣ್ಣ ಹೆಚ್ಚು ಮಿಂಚಲಿ ಎಂದು ಹೊಳೆಯಪ್ಪ ವಾರ್ನೀಶು ತಂದಿದ್ದ. ದಪ್ಪ ಇದೆಯೆಂದು ಅವಳೇ ಅದಕ್ಕೆ ಟರ್ಪೆಂಟೈನು ಸುರಿದು ನೀರು ಮಾಡಿದ್ದಳು. ಮೊದಲು ಬಲಗಾಲಿ. ಕುಂಚ ತುಂಬ ಅದ್ದಿ, ಒಂದು ಸಲವಲ್ಲ, ಮೂರು ಸಲ ಬಳಿದಿದ್ದಳು. ತಿರುಗಣಿಯ ಸಂದಿಯಲ್ಲಿ ಬಣ್ಣ ಇಳಿದು ಹೋಗುವುದನ್ನು ಕಂಡು, ಇನ್ನಷ್ಟು ಕುಡಿಯಲಿ ಎಂದು ಮತ್ತೆ ಹಚ್ಚಿದ್ದಳು. ಎಡಗಾಲಿಗೆ ಬರುವಷ್ಟರಲ್ಲಿ ಡಬ್ಬಿ ಬರಿದಾಗಿ, ತಳ ಕೆರೆದು ತೆಳ್ಳಗೆ ಒರೆಸಿದ್ದಳು. ಅದಕ್ಕೇ ಎಡಗಾಲಿ ಉಳಿದಿತ್ತು.

"ಯಾರಿಗೂ ಹೇಳಂಗಿಲ್ಲ ನಾ" ಎಂದಳು ಹಾಜಿರಾಬಿ, ಮೆತ್ತಗೆ. "ಅಂಬರೀಶನ ಹಾಕಿದ ಗ್ರೀಸ್ ಕೆಟ್ಟಿತ್ತಂತ ಹೇಳಿದ್ರಾತು. ಅಂವ ಎಪ್ಪತ್ತೆಂಟು ಸಾವಿರ ಕೇಳಿಲ್ಲ?"

"ಕೇಳ್ಯಾನ. ಆದ್ರ ಬಣ್ಣಾ ಹಚ್ಚಿಲ್ಲ." ಹನಮಂತವ್ವ ಬಳೆಯನ್ನು ಬೆಳಕಿಗೆ ಹಿಡಿದಳು. "ಮೊದಲ ಪೆಟ್ರೋಲ್ ಕೊಡು. ಅಳೂದು ಆಮ್ಯಾಲ."

ಪೆಟ್ರೋಲಿನಲ್ಲಿ ಎರಡು ತಾಸು ನೆನೆಯಿತು. ಹಲ್ಲುಜ್ಜುವ ಎರಡು ಬ್ರಷ್ಷುಗಳಿಂದ ಒಂದೊಂದೇ ಹಲ್ಲನ್ನು ತಿಕ್ಕಿದರು. ಬಳೆ ಗೂಡಿನೊಳಗೆ ಬೆರಳಿನ ತುದಿಗೆ ಜಾರುವ ಹಾಗೆ ಆಗಲು ಮಧ್ಯಾಹ್ನವಾಯಿತು. ಹೊಸ ಗ್ರೀಸನ್ನು ಕಾಡಿಗೆ ಹಚ್ಚುವಷ್ಟೇ ತೆಳ್ಳಗೆ ಸವರಿದರು. ಮುಚ್ಚಳದ ಕೆಳಗಿನ ಕಾಗದದ ಪಟ್ಟಿ ಹರಿದಿತ್ತು. ಹಾಜಿರಾಬಿ ಗೋಡೆಗೆ ಸಿಕ್ಕಿಸಿದ್ದ ದಪ್ಪನೆಯ ಲಗ್ನಪತ್ರಿಕೆ ತೆಗೆದು, ಅದರ ಮೇಲೆ ಮುಚ್ಚಳವಿಟ್ಟು ಗೆರೆ ಎಳೆದು ಕತ್ತರಿಸಿದಳು.

"ಯಾರ ಲಗ್ನ?"

"ಲಕ್ಷ್ಮೇಶ್ವರದಾಗ ನಮ್ಮ ತಂಗಿ ನಾದಿನಿದು. ಊಟಕ್ಕ ಕರದು ಅನ್ನಾ ಸಾಲಲಿಲ್ಲ. ಪತ್ರಿಕೆರ ಉಪಯೋಗಕ್ಕ ಬರಲಿ."

ಐದು ಬೋಲ್ಟು ಬಿಗಿದರು. ಮುರಿದ ಆರನೆಯದರ ತೂತಿಗೆ ಮಣ್ಣು ಹೋಗದಂತೆ ಗ್ರೀಸು ತುಂಬಿದರು. ಗಾಲಿಗಳು ಇನ್ನೂ ಗಾಳಿಯಲ್ಲೇ ಇದ್ದವು. ಹನಮಂತವ್ವ ತಿರುಗಣಿ ತಿರುಗಿಸಿದಳು. ಈ ಸಲ ಒಳಗಿನಿಂದ ಕಿವಿಗೆ ಬೀಳುವಂತೆ 'ಖಟ್' ಎಂದಿತು. ಹಾಜಿರಾಬಿ ಎಡಗಾಲಿಯನ್ನು ಮುಂದಕ್ಕೆ ತಿರುಗಿಸಿದಳು. ಬಲಗಾಲಿ ಹಿಂದಕ್ಕೆ ತಿರುಗಿ, ಹನಮಂತವ್ವನ ಕೈಯನ್ನು ತಳ್ಳಿತು.

ಆಗಲೇ ಫೋನು ಬಂತು. ಅಂಬರೀಶ.

"ಅಕ್ಕಾರ, ವಿಚಾರ ಮಾಡಿದ್ರೇನು? ಆಖರಿ ಮಾತು, ಒಂದ್ ಲಕ್ಷ ಮೂವತ್ತು. ನೀವು ನಾಕ್ ಮಂದಿ ಮುಂದ ಏನೇನರ ಅಂದ್ರೂ ನಾ ಮನಸಿನ್ಯಾಗ ಇಟ್ಟಕೊಂಡಿಲ್ಲ."

ಹನಮಂತವ್ವ ಕೆಂಪು ಹತ್ತಿದ ಬೆರಳುಗಳನ್ನು ನೋಡಿಕೊಂಡಳು. ಸುಳ್ಳು ಹೇಳಲು ಇದಕ್ಕಿಂತ ಸುಲಭದ ಹೊತ್ತು ಸಿಗುತ್ತಿರಲಿಲ್ಲ.

"ಅಂಬರೀಶ, ಗಾಡಿ ರೆಡಿ ಆತು. ಬಲಗಡೆ ಹಬ್ ಲಾಕಿನೊಳಗ ವಾರ್ನೀಶ್ ಇಳದಿತ್ತು. ಹಚ್ಚಿದಾಕಿ ನಾನ. ನಿನಗ ಕಳ್ಳ ಅಂದದ್ದು ನನ್ನ ತಪ್ಪು. ನಿನ್ನ ಗ್ಯಾರೇಜಿಗೆ ಬಂದು, ಅದ ನಾಕ್ ಮಂದಿ ಮುಂದ ಹೇಳ್ತೀನಿ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಆದ್ರ ಇದನ್ನೂ ಕೇಳು. ಬಣ್ಣದ ತಪ್ಪು ನಂದು. ಎಪ್ಪತ್ತೆಂಟು ಸಾವಿರ ನಿಂದು. ಗಾಲಿ ಎತ್ತಿ ಒಂದ್ ಸಲ ತಿರುವಿದ್ರ ತಿಳೀತಿತ್ತು, ನೀ ಕೆಳಗ ಹೊಕ್ಕು ಎದ್ದು ಬಂದು ಬರದಿ. ನನ್ನದನ್ನ ನಾ ಹೇಳ್ತೀನಿ, ನಿಂದನ್ನೂ ಅಲ್ಲೇ ಹೇಳ್ತೀನಿ. ಎರಡೂ ಕೂಡೇ ಹೇಳ್ತೀನಿ."

"ಅಕ್ಕಾರ..." ಎಂದ ಅಂಬರೀಶ. ಆಮೇಲೆ, ತಡೆಯಲಾರದೆ, "ಹಬ್ ಲಾಕಿಗೆ ವಾರ್ನೀಶ್ ಯಾಕ ಹಚ್ಚಿದ್ರಿ?" ಎಂದ.

"ಕಾರ ಹುಣ್ಣಿವಿಗೆ."

ಫೋನಿನಲ್ಲಿ ನಗು ಕೇಳಿಸಿತು. ಅವಳಿಗೂ ನಗು ಬಂತು, ಆದರೆ ಅವನಿಗೆ ಕೇಳಿಸಗೊಡದೆ ಕಟ್ ಮಾಡಿದಳು.

ಸೋಮವಾರ ಬೆಳಗ್ಗೆ ಗುಡ್ಡದ ಬುಡದಲ್ಲಿ ಜಿಟಿಜಿಟಿ ಮಳೆ. ಸೋಮೇಶನ ಹೊಸ ಬಿಳಿ ಪಿಕಪ್ಪು ಆಗಲೇ ಬಂದು ನಿಂತಿತ್ತು. ಮಾರ್ತಾಂಡ ಕೊಡೆ ಹಿಡಿದು ಕ್ಯಾನುಗಳನ್ನು ಎಣಿಸಿ, ಹನಮಂತವ್ವನ ಪಕ್ಕದ ಸೀಟಿನ ಮೇಲಿದ್ದ ಬೋಲ್ಟು ಬಿಚ್ಚುವ ಪಾನಾಗಳನ್ನು ಸರಿಸಿ ಕೂತ. ಅವಳು ಕೆಳಗಿಳಿದು ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಲಗಡೆಯ ತಿರುಗಣಿ ತಿರುಗಿಸಿದಳು. ಖಟ್. ಎಡಗಡೆಗೆ ಹೋದಳು. ಖಟ್.

"ಎವ್ವಾ, ನಮ್ಮದ್ರಾಗ ಒಂದು ಗುಂಡಿ ಒತ್ತಿದ್ರ ಮುಗೀತ್ರಿ" ಎಂದು ಸೋಮೇಶ ಕಿಟಕಿಯಿಂದ ಕೂಗಿದ. "ಸೀರಿ ಕೆಸರಾಗಂಗಿಲ್ಲ."

"ಗುಂಡಿ ಒತ್ತಿದ ಮ್ಯಾಲ ಒಳಗ ಕೂಡಿತೋ ಇಲ್ಲೋ ನಿನಗ ಯಾರ್ ಹೇಳ್ತಾರ?"

"ದೀಪಾ ಹತ್ತತೈತ್ರಿ."

"ನನಗ ಕೈ ಹೇಳತೈತಿ. ಸೀರಿ ಒಕ್ಕೋಬಹುದು."

ಮೊದಲನೆಯ ತಿರುವು, ಎರಡನೆಯ ತಿರುವು. ಮೂರನೆಯದರಲ್ಲಿ ಗುರುವಾರ ತೋಡಿದ ಹಳ್ಳಗಳು ಹಾಗೇ ಇದ್ದವು, ನೀರು ತುಂಬಿಕೊಂಡು. ಮಾರ್ತಾಂಡ ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದ. "ಸ್ವಲ್ಪ ಬದಿಗೆ ತಗೋರಿ, ಹನಮಂತವ್ವ" ಎಂದ.

"ಬ್ಯಾಡ್ರಿ ಸಾಹೇಬ್ರ. ಎಲ್ಲಿ ನಿಂತಿತ್ತೋ ಅಲ್ಲೇ ಏರಬೇಕು."

ಗಾಡಿಯನ್ನು ಬೇಕೆಂದೇ ಹಳೆಯ ಹಳ್ಳಕ್ಕೆ ಇಳಿಸಿದಳು. ಹಿಂದಿನ ಗಾಲಿಗಳು ಜಾರಿ, ಗಾಡಿ ಒಂದು ಗೇಣು ಹಿಂದಕ್ಕೆ ಕುಸಿಯಿತು. ಕ್ಯಾನುಗಳು ಒಂದಕ್ಕೊಂದು ಬಡಿದವು. ಹನಮಂತವ್ವ ಬ್ರೇಕಿಗೆ ಹೋಗಲಿಲ್ಲ, ಆಕ್ಸಿಲರೇಟರನ್ನೂ ತುಳಿಯಲಿಲ್ಲ. ಕಾಲನ್ನು ಇದ್ದಲ್ಲೇ ಇಟ್ಟು ಕಾದಳು. ಮುಂದಿನ ಗಾಲಿಗಳು ಮಣ್ಣನ್ನು ಕಚ್ಚಿದವು. ಮೂತಿ ನಿಧಾನವಾಗಿ ಮೇಲೆದ್ದಿತು. ನೊಗಕ್ಕೆ ಹೆಗಲು ಕೊಟ್ಟ ಎತ್ತು ಮೊದಲು ತಲೆ ತಗ್ಗಿಸಿ ಆಮೇಲೆ ಎಳೆಯುವ ರೀತಿ ಅವಳಿಗೆ ಗೊತ್ತಿತ್ತು. ಗಾಡಿ ಹಾಗೆಯೇ ಎಳೆದು, ಹಳ್ಳದಿಂದ ಎದ್ದು, ಏರಿನ ನೆತ್ತಿಗೆ ಬಂತು.

ಮೇಲೆ ಗಾಳಿಯಂತ್ರಗಳ ಕೆಳಗೆ ಹನ್ನೊಂದು ಜನ ತಗಡಿನ ಶೆಡ್ಡಿನಿಂದ ಹೊರಬಂದು ಕ್ಯಾನು ಇಳಿಸಿಕೊಂಡರು. ಹತ್ತು ನಿಮಿಷದಲ್ಲಿ ಸೋಮೇಶನ ಗಾಡಿಯೂ ಸದ್ದಿಲ್ಲದೆ ಏರಿ ಬಂತು. ಹೊಸ ಗಾಡಿ, ಏರಬೇಕಾದದ್ದೇ.

ಮಾರ್ತಾಂಡ ಕನ್ನಡಕದ ಮೇಲಿನ ಮಳೆ ಒರೆಸಿಕೊಂಡ. "ನಿಮ್ಮ ಗಾಡಿ ಏರ್ತದ, ಒಪ್ಪಿದೆ. ಆದರ ಗುರುವಾರದಂಥಾದ್ದು ಮತ್ತ ಆಗಬಾರದು. ಒಂದೇ ಗಾಡಿ ನಂಬಿ ಕೂಡೋದು ಇನ್ನ ಆಗಂಗಿಲ್ಲ. ವಾರಕ್ಕ ನಾಲ್ಕು ಖೇಪು ನಿಮಗ, ಎರಡು ಸೋಮೇಶಗ. ಮತ್ತ ಅವನು ಖೇಪಿಗೆ ಸಾವಿರದ ಐದನೂರು ಅಂದಾನ. ನೀವೂ ಅಷ್ಟಕ್ಕ..."

"ಎರಡು ಖೇಪು ಅವಂಗ ಕೊಡ್ರಿ, ಅದು ನ್ಯಾಯ. ಗುರುವಾರ ಮಂದಿ ನೀರಿಲ್ಲದ ಕುಂತ್ರು, ಅದು ನನ್ನಿಂದ ಆದದ್ದು" ಎಂದಳು ಹನಮಂತವ್ವ. "ರೇಟ್ ಮಾತ್ರ ಕಡಿಮಿ ಆಗಂಗಿಲ್ರಿ. ಗುಡ್ಡಾ ಸಣ್ಣದಾಗಿಲ್ಲ."

ಮಾರ್ತಾಂಡ ಅವಳ ಮೊಣಕಾಲಿನವರೆಗಿನ ಕೆಸರು ನೋಡಿ, ಹಳೆಯ ರೇಟನ್ನೇ ಡೈರಿಯಲ್ಲಿ ಬರೆದುಕೊಂಡ.

ಆ ವಾರವೇ ಅವಳು ಬೆಟಗೇರಿಗೆ ಹೋಗಿ, ಹೇಳಿದ್ದನ್ನು ಹೇಳಿದಂತೆಯೇ, ಎರಡನ್ನೂ ಕೂಡಿಯೇ, ಚಹಾ ಕುಡಿಯುವವರ ಮುಂದೆ ಹೇಳಿ ಬಂದಳು. ಅಂಬರೀಶ ಅವಳಿಗೂ ಒಂದು ಚಹಾ ತರಿಸಿದ. ಸಾವಿರದೈನೂರನ್ನು ವಾಪಸು ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಅಂದು ಸಂಜೆ ಹೊಳೆಯಪ್ಪ ಪೆಟ್ರೋಲಿನ ಬಟ್ಟೆಯಿಂದ ಎರಡೂ ಗುಂಬಗಳ ಕೆಂಪನ್ನು ತಾನೇ ಒರೆಸಿ ತೆಗೆದ. ಒಂಬತ್ತು ಹುಣ್ಣಿಮೆಯ ಪದರ. ಕೆಳಗಿನಿಂದ ಬೂದು ಕಬ್ಬಿಣ ಕಂಡಿತು, ಅದರ ಮೇಲೆ ಕೊರೆದ ಲಾಕ್, ಫ್ರೀ ಎಂಬ ಅಕ್ಷರಗಳೂ ಕಂಡವು. ಹೀಗೂ ಬರೆದಿತ್ತೆಂದು ಇಬ್ಬರಿಗೂ ಮರೆತೇ ಹೋಗಿತ್ತು.

ಪೆಟ್ರೋಲು, ಗ್ರೀಸು, ಎರಡು ಬ್ರಷ್ಷು ಸೇರಿ ಖರ್ಚಾದದ್ದು ಮುನ್ನೂರ ನಲವತ್ತು ರೂಪಾಯಿ, ಮತ್ತು ಹಾಜಿರಾಬಿಗೆ ಒಂದು ಚೀಲ ಉಳ್ಳಾಗಡ್ಡಿ. ಉಳಿದದ್ದು ಗಾಡಿ, ವಾರಕ್ಕೆ ನಾಲ್ಕು ಖೇಪು, ಹಳೆಯ ರೇಟು. ಹೋದದ್ದು ಎರಡು ಖೇಪು, ಒಂದು ಬೋಲ್ಟು, ಅಂಬರೀಶ ಗಾಡಿ ನೋಡಿದ್ದಕ್ಕೆ ಕೊಟ್ಟ ಸಾವಿರದೈನೂರು ಮತ್ತು ಕೋಡಿನ ಬಣ್ಣ. ಬರುವ ಕಾರ ಹುಣ್ಣಿಮೆಗೆ ಬಂಪರಿಗೆ ಹಚ್ಚುವುದೆಂದು ಮಾತಾಗಿದೆ.